ಒಗರು, ಕಹಿ, ನಂಜು: ಗಿಡ ಮತ್ತು ಬೂಸ್ಟು ತಯಾರಿಸುವ ರಾಸಾಯನಿಕಗಳು, ಪದೇ ಪದೇ ಕೇಳುವ ಪ್ರಶ್ನೆಗಳು

ಚನ್ನಗಿರಿಯ ಅಡಿಕೆ, ಚಳ್ಳಕೆರೆಯ ಶೇಂಗಾ, ದಾವಣಗೆರೆಯ ಮೆಕ್ಕೆಜೋಳ, ಜಗಳೂರು ಕಡೆಯ ಜೋಳ. ಇವುಗಳಲ್ಲಿ ಒಂದನ್ನಾದರೂ ಬೆಳೆಯದ, ಮಾರದ, ತಿನ್ನದ ಮನೆ ದಾವಣಗೆರೆ–ಚಿತ್ರದುರ್ಗ ಸೀಮೆಯಲ್ಲಿ ಸಿಗುವುದು ಕಷ್ಟ. ಅಡಿಕೆಗೆ ಬಣ್ಣ ಕೊಡುವುದು ಟ್ಯಾನಿನ್ ಎಂಬ ಒಗರು ವಸ್ತು, ಶೇಂಗಾದ ಲೋಡನ್ನು ವಾಪಸ್ ಕಳಿಸುವುದು ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ನಂಜು, ಎಳೆ ಜೋಳ ಮೇಯ್ದ ದನವನ್ನು ಕೆಡವುವುದು ಸೈನೈಡ್. ಮೂರೂ ಹೊರಗಿನಿಂದ ಬಂದವಲ್ಲ, ಗಿಡವೋ ಬೂಸ್ಟೋ ತಾನೇ ಕೂತು ತಯಾರಿಸಿದ್ದು. ಕೆಳಗಿನ ಉತ್ತರಗಳನ್ನು ಓದುತ್ತಾ ಹೋದರೆ ಹೆಚ್ಚಿನವು ನೀರಿನ ಹತ್ತಿರವೇ ಬಂದು ನಿಲ್ಲುವುದು ಕಾಣುತ್ತದೆ: ಹೊಲದಲ್ಲಿ ನೀರು ಕಡಿಮೆಯಾದರೂ ನಂಜು, ಕಣದಲ್ಲಿ ನೀರು ಹೆಚ್ಚಾದರೂ ನಂಜು.

ಗಿಡಕ್ಕೆ ಈ ಒಗರು, ಕಹಿ, ನಂಜು ಯಾಕೆ ಬೇಕು?

ಗಿಡಕ್ಕೆ ಕಾಲಿಲ್ಲ. ಹುಳ ಬಂದರೆ ಓಡಲಾರದು, ದನ ಬಂದರೆ ಒದೆಯಲಾರದು. ಹಾಗಾಗಿ ಬೆಳೆಯಲು ಬಳಸಬಹುದಾಗಿದ್ದ ಸಕ್ಕರೆ, ಸಾರಜನಕಗಳಲ್ಲಿ ಒಂದು ಪಾಲನ್ನು ರಕ್ಷಣೆಗೆ ತೆಗೆದಿಡುತ್ತದೆ. ಟ್ಯಾನಿನ್‌ಗೆ ಬೇಕಾದದ್ದು ಇಂಗಾಲ, ಜಲಜನಕ, ಆಮ್ಲಜನಕ ಮಾತ್ರ. ಬಿಸಿಲಿದ್ದರೆ ಬಡ ನೆಲದಲ್ಲೂ ಗಿಡ ಅದನ್ನು ಧಾರಾಳವಾಗಿ ಮಾಡುತ್ತದೆ. ಆಲ್ಕಲಾಯ್ಡ್ ಎಂಬ ಕಹಿ, ನಂಜಿನ ವಸ್ತುಗಳಿಗೂ ಸೈನೈಡ್ ಕೊಡುವ ವಸ್ತುಗಳಿಗೂ ಸಾರಜನಕ ಬೇಕೇ ಬೇಕು. ಯೂರಿಯಾ ಹೆಚ್ಚಾದ ಜೋಳದಲ್ಲಿ ಸೈನೈಡ್ ಅಪಾಯ ಏರುವುದು, ಚಿತ್ರದುರ್ಗದ ಕಲ್ಲುಗುಡ್ಡದ ತಂಗಡಿ ಯಾವ ಗೊಬ್ಬರವೂ ಇಲ್ಲದೆ ತೊಗಟೆ ತುಂಬ ಟ್ಯಾನಿನ್ ತುಂಬಿಕೊಳ್ಳುವುದು ಇದೇ ಲೆಕ್ಕದಿಂದ.

ಟ್ಯಾನಿನ್ ಗಿಡದೊಳಗೆ ಹೇಗೆ ತಯಾರಾಗುತ್ತದೆ?

ಶುರುವಾಗುವುದು ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲದಿಂದ. ಒಂದು ಕಿಣ್ವ ಅದರಿಂದ ಸಾರಜನಕವನ್ನು ಕಿತ್ತು ಸಿನಾಮಿಕ್ ಆಮ್ಲ ಮಾಡುತ್ತದೆ. ಮುಂದೆ ಇನ್ನಷ್ಟು ಇಂಗಾಲದ ತುಂಡುಗಳು ಸೇರಿ ಫ್ಲೇವನಾಯ್ಡ್, ಅದರಿಂದ ಕೆಟೆಚಿನ್, ಕೆಟೆಚಿನ್‌ಗಳು ಸರಪಳಿಯಾಗಿ ಕೂಡಿಕೊಂಡರೆ ಸಾಂದ್ರ ಟ್ಯಾನಿನ್. ಅಡಿಕೆ, ತಂಗಡಿ ತೊಗಟೆ, ಕೆಂಪು ಜೋಳ, ರಾಗಿಯ ಕಂದು ಸಿಪ್ಪೆಯಲ್ಲಿರುವುದು ಈ ಜಾತಿ. ಇನ್ನೊಂದು ಜಾತಿಯಲ್ಲಿ ಗ್ಲೂಕೋಸ್ ನಡುವೆ ಕೂತಿರುತ್ತದೆ, ಸುತ್ತ ಗ್ಯಾಲಿಕ್ ಆಮ್ಲ ಅಂಟಿಕೊಂಡಿರುತ್ತದೆ. ದಾಳಿಂಬೆ ಸಿಪ್ಪೆ, ಅಳಲೆಕಾಯಿ ಈ ಗುಂಪಿನವು. ಇದು ಆಮ್ಲದಲ್ಲಿ ಕುದಿಸಿದರೆ ಬಿಡಿಬಿಡಿಯಾಗುತ್ತದೆ, ಮೊದಲನೆಯದು ಹಾಗಾಗದೆ ಇನ್ನೂ ಕೆಂಪಾಗಿ ಗಟ್ಟಿಯಾಗುತ್ತದೆ.

ಟ್ಯಾನಿನ್ ಸಿಕ್ಕ ಪ್ರೋಟೀನನ್ನೆಲ್ಲ ಹಿಡಿದು ಗಡ್ಡೆ ಕಟ್ಟುವ ವಸ್ತು. ಜೀವಕೋಶದೊಳಗೆ ಬಿಡುಬೀಸಾಗಿ ಬಿಟ್ಟರೆ ಗಿಡದ ಕಿಣ್ವಗಳೇ ಹಾಳು. ಅದಕ್ಕೆ ಗಿಡ ಅದನ್ನು ಪೊರೆಯಲ್ಲಿ ಸುತ್ತಿ ಕೋಶದ ನೀರ್ಚೀಲದೊಳಗೆ ಬಚ್ಚಿಡುತ್ತದೆ. ಗಿಡಕ್ಕೆ ಹಸಿರು ಕೊಡುವ ಕಣವಾದ ಕ್ಲೋರೊಪ್ಲಾಸ್ಟಿನಿಂದಲೇ ಒಡೆದು ಬರುವ ಚಿಕ್ಕ ಗುಳಿಗೆಗಳಲ್ಲಿ ಟ್ಯಾನಿನ್ ಕೂಡಿಕೊಳ್ಳುತ್ತದೆ ಎಂದು ತಿಳಿದದ್ದು 2013ರಷ್ಟು ಈಚೆಗೆ. ಆ ಗುಳಿಗೆಗೆ ಟ್ಯಾನೊಸೋಮ್ ಎಂದು ಹೆಸರಿಟ್ಟರು. ಎಲೆ ಅಗಿದಾಗ ಚೀಲ ಹರಿಯುತ್ತದೆ, ನಿಮ್ಮ ಎಂಜಲಿನ ಪ್ರೋಟೀನು ಟ್ಯಾನಿನ್‌ಗೆ ಸಿಕ್ಕಿ ಗಂಟಾಗುತ್ತದೆ, ನಾಲಿಗೆಯ ಜಾರು ಹೋಗಿ ಬಾಯಿ ಬಿಗಿಯುತ್ತದೆ. ಒಗರು ಎನ್ನುವುದು ನಿಜಕ್ಕೂ ರುಚಿಯಲ್ಲ, ಉಜ್ಜಾಟ.

ಅಡಿಕೆ ಬೇಯಿಸುವ ಚೊಗರಿನಲ್ಲಿ ಏನಿರುತ್ತದೆ? ಕಬ್ಬಿಣದ ಹಂಡೆ ಯಾಕೆ ಬೇಡ ಅನ್ನುತ್ತಾರೆ?

ಹಸಿ ಅಡಿಕೆ ಸುಲಿದು ಬೇಯಿಸಿದಾಗ ನೀರಿಗೆ ಇಳಿಯುವ ಟ್ಯಾನಿನ್ ಮತ್ತು ಅದರ ತುಣುಕುಗಳೇ ಚೊಗರು. ಅದೇ ನೀರಿನಲ್ಲಿ ಮೂರು–ನಾಲ್ಕು ಸಲ ಹೊಸ ಅಡಿಕೆ ಬೇಯಿಸಿ, ಉಳಿದದ್ದನ್ನು ಕುದಿಸಿ ಇಳಿಸಿದರೆ ಮಂದವಾಗುತ್ತದೆ. ಬೆಂದ ಅಡಿಕೆಗೆ ಅದನ್ನು ಲೇಪಿಸಿ ಒಣಗಿಸಿದಾಗ ಬರುವ ಕೆಂಪು–ಕಂದು ಹೊಳಪು ಗಾಳಿಯ ಆಮ್ಲಜನಕ ತಾಗಿ ಕೆಟೆಚಿನ್‌ಗಳು ಇನ್ನಷ್ಟು ಕೂಡಿಕೊಂಡದ್ದರಿಂದ. ಎಳೆಯ ಅಡಿಕೆಯಲ್ಲಿ ಟ್ಯಾನಿನ್ ಹೆಚ್ಚು, ಹಣ್ಣಾದಂತೆ ಇಳಿಯುತ್ತದೆ. ಕೊಯ್ಲು ತಡವಾದ ಕಾಯಿಯಿಂದ ಒಳ್ಳೆ ಚೊಗರು ಬರಲಿಲ್ಲವೆಂದರೆ ತಪ್ಪು ಒಲೆಯದ್ದಲ್ಲ, ಅಡಿಕೆ ಗೊನೆ ಇಳಿಸಿದ ದಿನದ್ದು. ಬಣ್ಣ ಸಾಲಲಿಲ್ಲವೆಂದು ಕೆಮ್ಮಣ್ಣು ಸೇರಿಸುವುದು ಕಲಬೆರಕೆ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದರೆ ಮಣ್ಣಿನ ಪುಡಿ ಬಟ್ಟೆಗೆ ಹತ್ತಿಕೊಳ್ಳುತ್ತದೆ.

ಟ್ಯಾನಿನ್‌ಗೆ ಕಬ್ಬಿಣ ಸೇರಿದರೆ ಕಪ್ಪು. ಅದಕ್ಕೇ ತಾಮ್ರದ ಹಂಡೆ. ಮನೆಯಲ್ಲೇ ನೋಡಬೇಕೆಂದರೆ: ತುಕ್ಕು ಹಿಡಿದ ಎರಡು ಮೊಳೆಗಳನ್ನು ಅರ್ಧ ಲೋಟ ವಿನೆಗರ್‌ನಲ್ಲಿ ಮೂರು ದಿನ ಬಿಡಿ. 20 ಗ್ರಾಂ ಒಣ ದಾಳಿಂಬೆ ಸಿಪ್ಪೆಯನ್ನು 400 ಮಿ.ಲೀ. ನೀರಿನಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಹಳದಿ–ಕಂದು ಕಷಾಯಕ್ಕೆ ಮೊಳೆಯ ನೀರು ನಾಲ್ಕು ಹನಿ ಬಿಟ್ಟರೆ ಕಣ್ಣೆದುರೇ ನೀಲಿಗಪ್ಪಾಗುತ್ತದೆ. ಹಳೆಯ ಕಾಲದ ಬರವಣಿಗೆಯ ಶಾಯಿ ಇದರದೇ ನೆಂಟ. ಅದೇ ಹನಿಗಳನ್ನು ತೆಳು ಚೊಗರಿಗೆ ಬಿಟ್ಟರೆ ಕಪ್ಪಿನಲ್ಲಿ ಹಸಿರು ಛಾಯೆ ಇಣುಕುತ್ತದೆ. ಎರಡು ಜಾತಿಯ ಟ್ಯಾನಿನ್ ಬೇರೆ ಎಂಬುದಕ್ಕೆ ಇಷ್ಟು ಅಗ್ಗದ ಸಾಕ್ಷಿ ಮತ್ತೊಂದಿಲ್ಲ. ಪರೀಕ್ಷೆಗೆ ಬಳಸಿದ್ದನ್ನು ಕುಡಿಯಬೇಡಿ.

ಟ್ಯಾನಿನ್ ಆರೋಗ್ಯಕ್ಕೆ ಒಳ್ಳೆಯದಂತೆ, ಹಾಗಾದರೆ ಅಡಿಕೆಯೂ ಒಳ್ಳೆಯದೇ?

ಇಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದರಲ್ಲಿ ಟ್ಯಾನಿನ್ ಜೊತೆ ಅರೆಕೊಲಿನ್ ಎಂಬ ಆಲ್ಕಲಾಯ್ಡ್ ಇದೆ. ಜಗಿದಾಗ ಮೈ ಬಿಸಿಯಾಗಿ ಬೆವರುವುದು ಅದರಿಂದ. ಸುಣ್ಣ ಸೇರಿದಾಗ ಅರೆಕೊಲಿನ್‌ನಲ್ಲಿ ಸ್ವಲ್ಪ ಅರೆಕೈಡಿನ್ ಎಂಬ ಇನ್ನೊಂದು ಆಲ್ಕಲಾಯ್ಡ್ ಆಗುತ್ತದೆ, ಟ್ಯಾನಿನ್ ಬಳಗದ ಪಾಲಿಫೀನಾಲ್‌ಗಳು ಕ್ಷಾರದಲ್ಲಿ ಕೆಂಪಾಗುತ್ತವೆ. ಬೆಳೆಗಾರರಿಗೆ ಈ ಮಾತು ಹಿತವಲ್ಲ, ಆದರೆ ಗೊತ್ತಿದ್ದೂ ಮರೆಮಾಚುವುದು ಸರಿಯಲ್ಲ.

ತಂಗಡಿ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರಂತೆ?

ಹೌದು. ಹಳದಿ ಹೂವಿನ ತಂಗಡಿ, ಕೆಲವೆಡೆ ಆವರಿಕೆ. ದಕ್ಷಿಣ ಭಾರತದ ಹದ ಮಾಡಿದ ಚರ್ಮ ಒಂದು ಕಾಲದಲ್ಲಿ ಹಡಗು ಹತ್ತಿದ್ದು ಮುಖ್ಯವಾಗಿ ಈ ತೊಗಟೆಯ ಬಲದಿಂದ; ಆಮೇಲೆ ವ್ಯಾಟಲ್ ತೊಗಟೆ, ಕ್ರೋಮಿಯಂ ಉಪ್ಪು ಬಂದವು. ಚರ್ಮದಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ನಡುವೆ ಟ್ಯಾನಿನ್ ಸೇತುವೆ ಕಟ್ಟುತ್ತದೆ, ಕೊಳೆಸುವ ಬ್ಯಾಕ್ಟೀರಿಯಾಕ್ಕೆ ಹಲ್ಲು ಊರಲು ಜಾಗ ಸಿಗುವುದಿಲ್ಲ. ಅವಸರದಲ್ಲಿ ಮೊದಲ ದಿನವೇ ಗಟ್ಟಿ ಕಷಾಯಕ್ಕೆ ಹಾಕಿದರೆ ಚರ್ಮದ ಮೇಲ್ಪದರ ಮಾತ್ರ ಬಿಗಿದು ಮುಚ್ಚಿಕೊಳ್ಳುತ್ತದೆ, ಒಳಗೆ ಹಸಿ ಉಳಿದು ನಾರುತ್ತದೆ. ತೆಳುವಿನಿಂದ ಗಟ್ಟಿಗೆ, ದಿನಗಟ್ಟಲೆ ಹೋಗಬೇಕು.

ಎಳೆ ಜೋಳ ಮೇಯ್ದು ದನ ಬಿದ್ದರೆ ಅದು ನಿಜವಾಗಿ ಏನು?

ಬಹುತೇಕ ಸೈನೈಡ್ ನಂಜು. ಜೋಳ ಟೈರೋಸಿನ್ ಎಂಬ ಅಮೈನೊ ಆಮ್ಲದಿಂದ ಧುರಿನ್ ಎಂಬ ವಸ್ತು ಮಾಡುತ್ತದೆ. ಧುರಿನ್ ತನ್ನಷ್ಟಕ್ಕೆ ಸಾಧು. ಅದನ್ನು ಒಡೆಯುವ ಕಿಣ್ವವನ್ನು ಗಿಡ ಬೇರೆ ಕೋಶಗಳಲ್ಲಿ ಇಟ್ಟಿರುತ್ತದೆ: ಧುರಿನ್ ಎಲೆಯ ಹೊರಪದರದಲ್ಲಿ, ಕಿಣ್ವ ಒಳಪದರದಲ್ಲಿ. ದನ ಜಗಿದಾಗ ಎರಡೂ ಬೆರೆಯುತ್ತವೆ, ಹೈಡ್ರೋಜನ್ ಸೈನೈಡ್ ಹೊರಬರುತ್ತದೆ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳೂ ಒಡೆಯುವುದರಿಂದ ಹಸು, ಎಮ್ಮೆ, ಕುರಿಗೆ ಅಪಾಯ ಹೆಚ್ಚು.

ಸೈನೈಡ್ ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶ ಬಳಸಿಕೊಳ್ಳದ ಹಾಗೆ ಮಾಡುತ್ತದೆ. ಆದ್ದರಿಂದ ದನ ಏದುಸಿರು ಬಿಡುತ್ತದೆ, ಬಾಯಿ ಜೊಲ್ಲು, ನಡುಕ, ಕುಸಿತ. ವಸಡು ಮತ್ತು ಕಣ್ಣಿನ ಒಳಭಾಗ ಮಾತ್ರ ಢಾಳಾದ ಕೆಂಪು. ಮೇಯ್ದ ಹತ್ತು–ಹದಿನೈದು ನಿಮಿಷದಲ್ಲೇ ಶುರುವಾಗಬಹುದು. ನೈಟ್ರೇಟ್ ನಂಜಿನಲ್ಲಿ ಇದಕ್ಕೆ ಉಲ್ಟಾ, ರಕ್ತ ಚಾಕೊಲೇಟ್ ಕಂದು. ಪಶುವೈದ್ಯರಿಗೆ ಫೋನ್ ಮಾಡುವಾಗ ವಸಡಿನ ಬಣ್ಣ, ಏನು ಮೇಯ್ದಿತ್ತು, ಎಷ್ಟು ಹೊತ್ತಾಯಿತು ಎಂದು ಹೇಳಿದರೆ ಅವರು ಸರಿಯಾದ ಚುಚ್ಚುಮದ್ದು ಹಿಡಿದೇ ಬರುತ್ತಾರೆ. ಸೋಡಿಯಂ ಥಯೋಸಲ್ಫೇಟ್ ನರಕ್ಕೆ ಕೊಟ್ಟರೆ ಬಿದ್ದ ದನ ಏಳುವುದುಂಟು, ಆದರೆ ಗಂಟೆಗಳ ಲೆಕ್ಕದಲ್ಲಿ ಅಲ್ಲ, ನಿಮಿಷಗಳ ಲೆಕ್ಕದಲ್ಲಿ ಕೊಟ್ಟರೆ.

ಯಾವ ಜೋಳ ಅಪಾಯ, ಯಾವುದು ಅಲ್ಲ?

ಅಪಾಯ: ಮೊಣಕಾಲುದ್ದದ ಎಳೆ ಬೆಳೆ, ಮಳೆ ಕೈಕೊಟ್ಟು ಸುರುಳಿ ಸುತ್ತಿ ನಿಂತ ಬೆಳೆ, ಬರದ ನಂತರ ಒಂದು ಮಳೆಗೆ ದಡಬಡನೆ ಚಿಗುರಿದ್ದು, ಕಟಾವಾದ ಹೊಲದ ಕೂಳೆ ಚಿಗುರು. ಕೊನೆಯದೇ ಹೆಚ್ಚು ದನ ಕೊಲ್ಲುವುದು, ಏಕೆಂದರೆ "ಹೊಲ ಖಾಲಿ, ಬಿಡು" ಎಂದು ಎಲ್ಲರೂ ದನ ಬಿಡುತ್ತಾರೆ. ತೆನೆ ಬಂದ ಮೇಲೆ ಧುರಿನ್ ಬಹಳ ಇಳಿದಿರುತ್ತದೆ. ಪೂರ್ತಿ ಒಣಗಿದ ಸೊಪ್ಪೆಯಲ್ಲಿ ಸೈನೈಡ್ ಬಹುಪಾಲು ಹಾರಿಹೋಗಿರುತ್ತದೆ, ರಸಮೇವಿನಲ್ಲೂ ಕಡಿಮೆಯಾಗುತ್ತದೆ. ಅರ್ಧ ಬಾಡಿದ್ದು ಮಾತ್ರ ಒಣಗಿದ್ದರ ಲೆಕ್ಕಕ್ಕಿಲ್ಲ. ಹಸಿದ ದನವನ್ನು ಎಂದೂ ನೇರ ಬಿಡಬೇಡಿ; ಮೊದಲು ಒಣಮೇವು ಹಾಕಿ.

ಒಣ ಜೋಳದ ಕಾಳಿನಲ್ಲಿ ಈ ತೊಂದರೆ ಇಲ್ಲ. ಮೊಳಕೆ ಬರಿಸಿದ ಜೋಳದಲ್ಲಿ ಇದೆ. ಹೆಸರುಕಾಳಿನ ಹಾಗೆ ಜೋಳದ ಮೊಳಕೆಯನ್ನು ಕೋಸಂಬರಿ ಮಾಡಿ ತಿನ್ನಬೇಡಿ.

ಅಫ್ಲಾಟಾಕ್ಸಿನ್ ಎಂದರೇನು, ಶೇಂಗಾಕ್ಕೂ ಅದಕ್ಕೂ ಏನು ನಂಟು?

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಹುಡುಕುತ್ತಾ ಹೋದಾಗ ಮೇವಿನಲ್ಲಿದ್ದ ಬ್ರೆಜಿಲ್‌ನ ಶೇಂಗಾ ಹಿಂಡಿ, ಅದರಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಹಸಿರು–ಹಳದಿ ಬೂಸ್ಟು ಸಿಕ್ಕಿತು. ಹೆಸರಿನ "ಅ" ಮತ್ತು "ಫ್ಲಾ" ಅಲ್ಲಿಂದಲೇ ಬಂದದ್ದು. ಯಕೃತ್ತಿಗೆ ಹೊಡೆತ, ದೀರ್ಘಕಾಲದಲ್ಲಿ ಯಕೃತ್ತಿನ ಕ್ಯಾನ್ಸರ್. 1974ರಲ್ಲಿ ಗುಜರಾತ್–ರಾಜಸ್ಥಾನ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು.

ಬೂಸ್ಟು ಇದನ್ನು ಎರಡೆರಡು ಇಂಗಾಲದ ತುಂಡುಗಳನ್ನು ಪೋಣಿಸಿ, ಮಡಚಿ ಮಾಡುತ್ತದೆ. ಅದಕ್ಕೆ ಬೇಕಾದ ಸುಮಾರು 25 ಜೀನುಗಳು ಒಂದೇ ಜಾಗದಲ್ಲಿ ಸಾಲಾಗಿ ಕೂತಿವೆ, ಕೇರಿಯ ಮನೆಗಳ ಹಾಗೆ. ಒಂದು ಮುಖ್ಯ ಜೀನು ಸ್ವಿಚ್ ಒತ್ತಿದರೆ ಎಲ್ಲವೂ ಹೊತ್ತಿಕೊಳ್ಳುತ್ತವೆ. ನಂಜು ಹೆಚ್ಚು ತಯಾರಾಗುವುದು 25ರಿಂದ 35 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಕಣದ ಹವೆ ಅದೇ.

ಭಾರತದಲ್ಲಿ ಸಂಸ್ಕರಣೆಗೆ ಹೋಗುವ ಶೇಂಗಾಕ್ಕೆ ಮಿತಿ ಕೆ.ಜಿ.ಗೆ 15 ಮೈಕ್ರೊಗ್ರಾಂ. ಎಂದರೆ ಒಂದೇ ಗ್ರಾಂ ನಂಜು 66 ಟನ್ ಶೇಂಗಾವನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲದು. ಯುರೋಪಿನಲ್ಲಿ ನೇರ ತಿನ್ನುವ ಶೇಂಗಾಕ್ಕೆ ಮಿತಿ 4 ಮಾತ್ರ.

ಮಳೆಯೇ ಇಲ್ಲದ ವರ್ಷ ಬೂಸ್ಟು ಎಲ್ಲಿಂದ ಬರಬೇಕು?

ಚಳ್ಳಕೆರೆ ಕಡೆ ಎಲ್ಲರೂ ಕೇಳುವ ಪ್ರಶ್ನೆ, ಎಲ್ಲರೂ ತಪ್ಪುವ ಜಾಗವೂ ಇದೇ. ಬೂಸ್ಟಿನ ಬೀಜಕಣ ಮಣ್ಣಿನಲ್ಲಿ ಸದಾ ಇರುತ್ತದೆ. ಕಾಯಿಯಲ್ಲಿ ನೀರಿನಂಶ ಚೆನ್ನಾಗಿರುವ ತನಕ ಶೇಂಗಾ ಕಾಳು ತನ್ನದೇ ಮದ್ದು ಮಾಡಿಕೊಳ್ಳುತ್ತದೆ. ಸ್ಟಿಲ್ಬೀನ್ ಗುಂಪಿನ ಈ ವಸ್ತುಗಳು ಬೂಸ್ಟನ್ನು ತಡೆಯುತ್ತವೆ. ಕೊಯ್ಲಿಗೆ ಮೂರರಿಂದ ಆರು ವಾರ ಮುಂಚೆ ಮಳೆ ನಿಂತು, ಕಾಯಿ ಇರುವ ಮಟ್ಟದ ಮಣ್ಣು 28–31 ಡಿಗ್ರಿಗೆ ಕಾದರೆ ಕಾಳು ಒಣಗುತ್ತಾ ಹೋಗಿ ಮದ್ದು ಮಾಡುವುದನ್ನು ನಿಲ್ಲಿಸುತ್ತದೆ. ಬೂಸ್ಟಿಗೆ ಮಾತ್ರ ಆ ಅರೆ ಒಣ ಕಾಳಿನಲ್ಲಿ ಬೇಕಾದಷ್ಟು ನೀರಿರುತ್ತದೆ. ಕಾವಲುಗಾರ ಮಲಗಿದ್ದಾನೆ, ಕಳ್ಳ ಎದ್ದಿದ್ದಾನೆ.

ಮಾಡಬಹುದಾದದ್ದು: ಬಿತ್ತುವಾಗ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೊಡರ್ಮಾ ಎಂಬ ಉಪಕಾರಿ ಶಿಲೀಂಧ್ರ; ಕಾಯಿಯಾಗುವ ಊಡು ಮಣ್ಣಿಗೆ ಇಳಿಯುವ ಹೊತ್ತಿಗೆ ಎಕರೆಗೆ 200 ಕೆ.ಜಿ. ಜಿಪ್ಸಂ, ಸಿಪ್ಪೆ ಗಟ್ಟಿಯಾಗಲು. ಕೊನೆಯ ತಿಂಗಳಲ್ಲಿ ಒಂದೇ ಒಂದು ನೀರು ಕೊಡಲು ಸಾಧ್ಯವಾದರೆ ಕೊಡಿ. ಗೆದ್ದಲು, ಕಾಯಿಕೊರಕ ಮಾಡಿದ ತೂತು, ಎಡೆ ಹೊಡೆಯುವಾಗ ಕಾಯಿಗಾದ ಗಾಯ, ಎಲ್ಲವೂ ಬೂಸ್ಟಿಗೆ ಬಾಗಿಲು.

ಕಿತ್ತ ಮೇಲೆ ಏನು ಮಾಡಬೇಕು?

ಕೆಲವು ಗಿಡ ಕಿತ್ತು ಕಾಯಿ ಸುಲಿದು ಸಿಪ್ಪೆಯ ಒಳಮೈ ನೋಡಿ. ನೂರರಲ್ಲಿ 75 ಕಾಯಿಗಳಲ್ಲಿ ಕಪ್ಪಾಗಿದ್ದರೆ ಕೀಳಬಹುದು. ಬಳ್ಳಿಯನ್ನು ಬುಡಮೇಲಾಗಿ, ಕಾಯಿ ಮೇಲೆ ಬರುವ ಹಾಗೆ ಸಾಲು ಹಾಕಿ ಎರಡು–ಮೂರು ದಿನ ಬಿಡಿ. ಹಸಿ ಬಳ್ಳಿಯ ಮೆದೆ ಒಟ್ಟಿದರೆ ಒಳಗೆ ಬೆವರಿ ನಾಲ್ಕೇ ದಿನಕ್ಕೆ ಹಸಿರಾಗುತ್ತದೆ. ಬಿಡಿಸಿದ ಕಾಯಿಯನ್ನು ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಬರೀ ನೆಲದ ಮೇಲಲ್ಲ. ಸಂಜೆ ಇಬ್ಬನಿಗೆ ಮೊದಲು ಮುಚ್ಚಿ. ಗುರಿ: ಕಾಯಿಯಲ್ಲಿ ತೇವಾಂಶ ಶೇ. 8. ಮೀಟರ್ ಇಲ್ಲದವರು ಅಲ್ಲಾಡಿಸಿ ಕೇಳಿ, ಕಾಳು ಗಲಗಲ ಅನ್ನಬೇಕು; ಬೆರಳಲ್ಲಿ ತಿಕ್ಕಿದರೆ ಕೆಂಪು ಸಿಪ್ಪೆ ಜಾರಬೇಕು.

ಇಷ್ಟೆಲ್ಲ ಮಾಡಿದವರೂ ಎಡವುವುದು ಮಿಲ್ಲಿನ ಮುಂದೆ. ಯಂತ್ರದಲ್ಲಿ ಕಾಳು ಒಡೆಯದಿರಲೆಂದು, ತೂಕವೂ ಸ್ವಲ್ಪ ಬರಲಿ ಎಂದು, ಒಣಗಿದ ಕಾಯಿಗೆ ನೀರು ಚಿಮುಕಿಸುತ್ತಾರೆ. ಆ ಒದ್ದೆ ಕಾಳು ಚೀಲದಲ್ಲಿ ಒಂದು ವಾರ ಕೂತರೆ ಮೂರು ತಿಂಗಳ ಎಚ್ಚರಿಕೆ ನೀರುಪಾಲು. ಒಡೆದರೂ ಪರವಾಗಿಲ್ಲ, ಒಣಗಿದ್ದನ್ನೇ ಒಡೆಸಿ.

ಹುರಿದರೆ, ಬೇಯಿಸಿದರೆ ಅಫ್ಲಾಟಾಕ್ಸಿನ್ ಹೋಗುವುದಿಲ್ಲವೇ?

ಕುದಿಯುವ ನೀರು ಅದನ್ನು ಮುಟ್ಟುವುದೇ ಇಲ್ಲ. ಹುರಿದರೆ ಸ್ವಲ್ಪ ಇಳಿಯುತ್ತದೆ, ಪೂರ್ತಿ ಅಲ್ಲ. ಆರಿಸುವುದೇ ದೊಡ್ಡ ಮದ್ದು: ನಂಜು ಎಲ್ಲ ಕಾಳಿನಲ್ಲೂ ಸಮನಾಗಿ ಹಂಚಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗುಡ್ಡೆ ಬಿದ್ದಿರುತ್ತದೆ. ಸುಕ್ಕಿದ, ಬಣ್ಣಗೆಟ್ಟ, ಒಡೆದ ಕಾಳು ತೆಗೆದು ಹಾಕಿ. ಕಹಿ ಕಾಳು ಬಾಯಿಗೆ ಬಂದರೆ ನುಂಗದೆ ಉಗುಳಿ. ಒಂದು ಹಿಡಿ ಮಾದರಿ ತೆಗೆದು ಪರೀಕ್ಷೆ ಮಾಡಿಸಿ "ಪಾಸ್" ಅನ್ನುವುದು ಇದೇ ಕಾರಣಕ್ಕೆ ಮೋಸ; ಚೀಲದ ಮೇಲೆ, ನಡುವೆ, ಅಡಿಯಿಂದ ಹಲವು ಚೀಲಗಳಲ್ಲಿ ತೆಗೆದು, ಎಲ್ಲವನ್ನೂ ಬೀಸಿ ಬೆರೆಸಿ, ಅದರಿಂದ ಮಾದರಿ ಕೊಡಬೇಕು.

ಗಾಣದ ಎಣ್ಣೆ, ಹಿಂಡಿ, ಹಾಲು?

ಎಣ್ಣೆ ತೆಗೆದಾಗ ನಂಜಿನ ಹೆಚ್ಚಿನ ಪಾಲು ಹಿಂಡಿಯಲ್ಲಿ ಉಳಿಯುತ್ತದೆ. ಗಾಣದ ಎಣ್ಣೆಯಲ್ಲಿ ಸ್ವಲ್ಪ ಇರಬಹುದು, ಅದೂ ಮಡ್ಡಿಗೆ ಅಂಟಿಕೊಂಡು. ತಿಳಿಯಾಗಲು ಬಿಟ್ಟು ಸೋಸಿದರೆ ಇಳಿಯುತ್ತದೆ. ಕಾರ್ಖಾನೆಯ ಶುದ್ಧೀಕರಣದಲ್ಲಿ ಕ್ಷಾರದ ಹಂತ ಅದನ್ನು ತೊಳೆದುಬಿಡುತ್ತದೆ. ಒಟ್ಟಿನಲ್ಲಿ ಗಾಣಕ್ಕೆ ಹಾಕುವ ಕಾಳು ತಿನ್ನಲು ಯೋಗ್ಯವಾಗಿರಬೇಕು. ಆರಿಸಿ ಬಿಟ್ಟ ಕಾಳನ್ನು ಗಾಣಕ್ಕೆ ಸುರಿಯುವ ಚಾಳಿ ಬಿಡಬೇಕು.

ಬೂಸ್ಟಿನ ಹಿಂಡಿ ತಿಂದ ಹಸುವಿನ ಹಾಲಿನಲ್ಲಿ ಒಂದು ದಿನದೊಳಗೆ ಅದೇ ನಂಜಿನ ಬದಲಾದ ರೂಪ, ಅಫ್ಲಾಟಾಕ್ಸಿನ್ ಎಂ1, ಕಾಣಿಸಿಕೊಳ್ಳುತ್ತದೆ. ಕಾಯಿಸಿದರೂ ಹೋಗದು. ನಮ್ಮ ದೇಶದ ಮಿತಿ ಕೆ.ಜಿ.ಗೆ 0.5 ಮೈಕ್ರೊಗ್ರಾಂ. ಹಿಂಡಿ ನಿಲ್ಲಿಸಿದ ಮೂರು–ನಾಲ್ಕು ದಿನದಲ್ಲಿ ಹಾಲು ಬಹುಮಟ್ಟಿಗೆ ಶುದ್ಧ.

ಮೆಕ್ಕೆಜೋಳ ಒಣಗಿದೆಯೋ ಇಲ್ಲವೋ ಮನೆಯಲ್ಲೇ ತಿಳಿಯುವುದು ಹೇಗೆ?

ಪೂರ್ತಿ ಒಣಗಿದ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಕಾಳು ತುಂಬಿ. ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿದ ಪುಡಿ ಉಪ್ಪು ಎರಡು–ಮೂರು ಚಮಚ ಹಾಕಿ. ಮುಚ್ಚಳ ಬಿಗಿದು ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಶೇ. 15ಕ್ಕಿಂತ ಮೇಲೆ, ಇನ್ನೂ ಒಣಗಿಸಬೇಕು. ಅಂಟದಿದ್ದರೆ ಅದಕ್ಕಿಂತ ಕೆಳಗೆ. ತಿಂಗಳುಗಟ್ಟಲೆ ಇಡುವುದಾದರೆ ಇನ್ನೆರಡು ಬಿಸಿಲು ಕೊಟ್ಟು ಶೇ. 12ರ ಹತ್ತಿರ ತನ್ನಿ. ಮಳೆಗಾಲದ ಹಸಿ ಉಪ್ಪಿನಲ್ಲಿ ಮಾಡಿದರೆ ಪರೀಕ್ಷೆ ಯಾವಾಗಲೂ ಸುಳ್ಳು ಹೇಳುತ್ತದೆ.

ತೆನೆಯ ಮೇಲೆ ಬಿಳಿ–ಗುಲಾಬಿ ಬೂಸ್ಟು ಕಂಡರೆ ಅದು ಫ್ಯುಸೇರಿಯಂ, ಅದರ ನಂಜು ಫ್ಯುಮೊನಿಸಿನ್. 1995ರಲ್ಲಿ ದಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಮಳೆಗೆ ನೆಂದ ಜೋಳ, ಮೆಕ್ಕೆಜೋಳ ತಿಂದವರಿಗೆ ಹೊಟ್ಟೆನೋವು, ಭೇದಿ ಹರಡಿದ್ದರ ಹಿಂದೆ ಇದ್ದದ್ದು ಇದೇ. ಕುದುರೆಗಂತೂ ಮಾರಕ.

ಸಜ್ಜೆಯ ತೆನೆಯಲ್ಲಿ ಕಪ್ಪು ಕೊಂಬಿನಂಥ ಕಾಳು?

ಅದು ಕಾಳಲ್ಲ, ಎರ್ಗಾಟ್ ಶಿಲೀಂಧ್ರದ ಗಟ್ಟಿ ಗಂಟು, ತುಂಬ ಆಲ್ಕಲಾಯ್ಡ್. ತಿಂದರೆ ವಾಂತಿ, ತಲೆಸುತ್ತು, ಮಂಪರು. 10 ಲೀಟರ್ ನೀರಿಗೆ 1 ಕೆ.ಜಿ. ಉಪ್ಪು ಕರಗಿಸಿ ಬೀಜ ಸುರಿದು ಕಲಕಿ. ಗಂಟು ತೇಲುತ್ತದೆ, ಬಾಚಿ ಸುಡಿ. ಮುಳುಗಿದ ಬೀಜವನ್ನು ಒಳ್ಳೆ ನೀರಿನಲ್ಲಿ ಎರಡು–ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿ. ತೊಳೆಯದಿದ್ದರೆ ಉಪ್ಪಿಗೆ ಮೊಳಕೆ ಕುಂದುತ್ತದೆ.

ಉಮ್ಮತ್ತಿಯ ನಂಜು ಎಲೆಯಲ್ಲಿ ತಯಾರಾಗುತ್ತದೆಯೇ, ಬೀಜದಲ್ಲೇ?

ಎರಡೂ ಅಲ್ಲ, ಬೇರಿನಲ್ಲಿ. ಉಮ್ಮತ್ತಿ ಬೇರಿನ ಮೇಲೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಎಲೆಗೂ ಆಲ್ಕಲಾಯ್ಡ್ ಏರುತ್ತದೆ. ಟೊಮೆಟೊ ಬೇರಿನ ಮೇಲೆ ಉಮ್ಮತ್ತಿ ಕಟ್ಟಿದರೆ ಅದು ಹೆಚ್ಚುಕಡಿಮೆ ಸಪ್ಪೆ. ಅಟ್ರೊಪಿನ್, ಸ್ಕೊಪೊಲಮಿನ್ ಎಂಬ ಈ ಆಲ್ಕಲಾಯ್ಡ್‌ಗಳು ನೀರಿನ ಜೊತೆ ಮೇಲೇರಿ ಎಲೆ, ಬೀಜಗಳಲ್ಲಿ ಕೂಡುತ್ತವೆ. ಹೊಲದ ಬದುವಿನ ಉಮ್ಮತ್ತಿಯನ್ನು ಒಕ್ಕಣೆಗೆ ಮುಂಚೆಯೇ ಕಿತ್ತು ಹಾಕಿ, ಬೀಜ ಕಾಳಿನೊಳಗೆ ಸೇರಿದರೆ ಹೆಕ್ಕುವುದು ಕಷ್ಟ. ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಇಲ್ಲದ್ದನ್ನು ಕಂಡಂತೆ ಮಾತಾಡಿದರೆ ತಡಮಾಡದೆ ಆಸ್ಪತ್ರೆ.

ಹರಳು ವಿಷವಾದರೆ ಹರಳೆಣ್ಣೆ ಕುಡಿಸುವುದು ಹೇಗೆ?

ವಿಷ ರಿಸಿನ್, ಅದೊಂದು ಪ್ರೋಟೀನು. ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿಗೆ ಕೆಡುತ್ತದೆ. ಹರಳು ಹುರಿದು ಕುದಿಸಿ ಎಣ್ಣೆ ತೆಗೆಯುವ ಮನೆಯ ಪದ್ಧತಿ ವಿಷವನ್ನು ಬಿಸಿಗೆ ಕೆಡಿಸುತ್ತದೆ, ಎಣ್ಣೆಯಿಂದ ಬೇರೆಯೂ ಮಾಡುತ್ತದೆ. ಹಸಿ ಹಿಂಡಿ ಮಾತ್ರ ಗೊಬ್ಬರಕ್ಕೆ, ದನಕ್ಕಲ್ಲ.

ಸೋರೆಕಾಯಿ ಒಮ್ಮೊಮ್ಮೆ ಕಹಿ ಯಾಕೆ?

ಕುಕುರ್ಬಿಟಾಸಿನ್ ಎಂಬ ಕಹಿ ನಂಜಿನಿಂದ. ಬೇಯಿಸಿದರೂ ಹೋಗದು. ತುದಿಯ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ, ಕಹಿಯಾದರೆ ಇಡೀ ಕಾಯಿ ತಿಪ್ಪೆಗೆ. ಕಹಿ ಸೋರೆ ರಸ "ಔಷಧ" ಎಂದು ಕುಡಿದು ರಕ್ತವಾಂತಿ ಮಾಡಿಕೊಂಡು ಸತ್ತವರಿದ್ದಾರೆ.

ಬೇವಿನ ಬೀಜದ ಕಷಾಯ ಒಬ್ಬರಿಗೆ ಕೆಲಸ ಮಾಡುತ್ತದೆ, ಇನ್ನೊಬ್ಬರಿಗೆ ಮಾಡುವುದಿಲ್ಲ. ಯಾಕೆ?

ಹುಳಗಳ ಮೇಲೆ ಬೇವಿನ ಮುಖ್ಯ ಅಸ್ತ್ರ ಅಜಾಡಿರಾಕ್ಟಿನ್. ಎಷ್ಟು ತೊಡಕಿನ ಅಣು ಎಂದರೆ ಕೇಂಬ್ರಿಜ್‌ನ ರಸಾಯನ ವಿಜ್ಞಾನಿಗಳು ಪ್ರಯೋಗಶಾಲೆಯಲ್ಲಿ ಅದನ್ನು ಪೂರ್ತಿ ಕಟ್ಟಿ ಮುಗಿಸಿದ್ದು 22 ವರ್ಷ ಹೆಣಗಾಡಿ, 2007ರಲ್ಲಿ. ಮರ ಪ್ರತಿ ಬೇಸಿಗೆಯಲ್ಲೂ ಸದ್ದಿಲ್ಲದೆ ಮಾಡುತ್ತದೆ. ಆದರೆ ಬಿಸಿ, ಬಿಸಿಲು, ಕ್ಷಾರ ಮೂರೂ ಅದಕ್ಕೆ ಆಗದು.

ಬಿದ್ದ ಹಣ್ಣು ಆರಿಸಿ ತಿರುಳು ತೊಳೆದು ಬೀಜವನ್ನು ನೆರಳಲ್ಲಿ ಒಣಗಿಸಿ, ಗಾಳಿಯಾಡುವ ಗೋಣಿಯಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಬೂಸ್ಟು ಬಂದು ಅಲ್ಲೂ ಅಫ್ಲಾಟಾಕ್ಸಿನ್. ವರ್ಷ ದಾಟಿದ ಬೀಜ ಬೇಡ. ಸಿಪ್ಪೆ ತೆಗೆದ ಕಾಳು 5 ಕೆ.ಜಿ. ಜಜ್ಜಿ 10 ಲೀಟರ್ ತಣ್ಣೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ಹಾಲಿನಂತಾಗುವ ತನಕ ಕಲಕಿ, ಎರಡು ಪದರ ಬಟ್ಟೆಯಲ್ಲಿ ಸೋಸಿ, 100 ಲೀಟರ್‌ಗೆ ತನ್ನಿ. ಎಲೆಗೆ ಹಿಡಿಯಲು 200 ಗ್ರಾಂ ಸೋಪಿನ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಸಿಂಪಡಿಸುವ ಹೊತ್ತಿಗೆ ಮಾತ್ರ ಸೇರಿಸಿ. ಸೋಪು ಕ್ಷಾರ, ಮುಂಚೆಯೇ ಬೆರೆಸಿಟ್ಟರೆ ಕಷಾಯದ ಕಸುವು ಕಡಿಮೆಯಾಗುತ್ತದೆ. ಸಂಜೆ ನಾಲ್ಕರ ಮೇಲೆ ಸಿಂಪಡಿಸಿ, ಅದೇ ದಿನ ಖಾಲಿ ಮಾಡಿ. ಹುಳ ಕೂಡಲೇ ಸಾಯಲಿಲ್ಲವೆಂದು ಮರುದಿನ ಬೇರೆ ಔಷಧ ಹೊಡೆಯಬೇಡಿ: ಇದು ಹೊಟ್ಟೆ ಕೆಡಿಸಿ, ಪೊರೆ ಕಳಚುವುದನ್ನು ತಡೆದು ಕೆಲಸ ಮಾಡುವಂಥದ್ದು, ಎಲೆ ತಿನ್ನುವುದು ನಿಂತಿದೆಯೇ ಎಂದು ಮೂರನೇ ದಿನ ನೋಡಿ. ಒಲೆಯ ಮೇಲೆ ಕುದಿಸಿ ಮಾಡಿದವರ ಕಷಾಯದಲ್ಲಿ ವಾಸನೆ ಉಳಿದಿರುತ್ತದೆ, ಅಸ್ತ್ರ ಉಳಿದಿರುವುದಿಲ್ಲ.